ಏಜ್ ಆಫ್ ಎಂಪೈರ್ಸ್ 2: ಹೊಸಬರು ಮೊದಲ 20 ನಿಮಿಷ ಆಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

"15ನೇ ನಿಮಿಷಕ್ಕೆ ಕುದುರೆ ಸವಾರರು ನುಗ್ತಾರೆ ಗುರು, ನನ್ನ ಹತ್ರ ಏನೂ ಇರಲ್ಲ." ಊರು ಕಟ್ಟಿ, ಸೈನ್ಯ ಬೆಳೆಸಿ ಶತ್ರುವನ್ನು ಸೋಲಿಸುವ ಈ ಕಂಪ್ಯೂಟರ್ ಆಟವನ್ನು ಬೆಂಗಳೂರಿನಲ್ಲಿ ಹೊಸದಾಗಿ ಶುರು ಮಾಡಿದವರೆಲ್ಲರ ದೂರು ಹೆಚ್ಚುಕಡಿಮೆ ಇದೇ. ಸ್ಕ್ರೀನ್‌ಶಾಟ್ ಕಳಿಸಿ ಎಲ್ಲರೂ ಕೇಳುವುದೂ ಒಂದೇ ಪ್ರಶ್ನೆ: ಯಾವ ಸೈನ್ಯ ಮಾಡಿದರೆ ಗೆಲ್ಲಬಹುದು?

ಆ ಸ್ಕ್ರೀನ್‌ಶಾಟಿನ ಮೇಲ್ಭಾಗವನ್ನು ಒಮ್ಮೆ ನೋಡಿ. ಗಡಿಯಾರದಲ್ಲಿ 14 ನಿಮಿಷ. ವಿಲೇಜರ್‌ಗಳು, ಅಂದರೆ ಊರಿಗಾಗಿ ದುಡಿಯುವವರು, 19. ಮರ 700 ಸುಮ್ನೆ ಬಿದ್ದಿದೆ. ಅಷ್ಟು ಹೊತ್ತಿಗೆ 30 ವಿಲೇಜರ್‌ಗಳಾದರೂ ಇರಬೇಕಿತ್ತು. ಅಂದರೆ ಯುದ್ಧ ಶುರುವಾಗುವ ಮುಂಚೆಯೇ ಸೋಲು ಆಗಿಹೋಗಿದೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಕುರಿ, ಕಾಡುಹಂದಿ, ಮನೆ, ಮರದ ಬಗ್ಗೆಯೇ ಇದೆ. ಕತ್ತಿ, ಕುದುರೆ ಕೊನೆಗೆ ಬರುತ್ತವೆ. ಹಂತಗಳನ್ನು ಇದೇ ಕ್ರಮದಲ್ಲಿ ಕಲಿಯಿರಿ. ಮೂರನೆಯದು ಕೈಗೆ ಕೂರದೆ ಐದಕ್ಕೆ ಹೋದರೆ ಐದೂ ಬರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಆಟದ ಹೊಸ ಆವೃತ್ತಿಯಾದ ಡೆಫಿನಿಟಿವ್ ಎಡಿಷನ್‌ಗೆ ಸಂಬಂಧಿಸಿದ್ದು. ಸಮಯ ಅಂದಲ್ಲೆಲ್ಲ ಆಟದೊಳಗಿನ ಗಡಿಯಾರ ಎಂದು ತಿಳಿಯಿರಿ, ಗೋಡೆ ಗಡಿಯಾರವಲ್ಲ.

ಶುರು ಮಾಡುವ ಮುಂಚೆ ಏನೇನು ಬೇಕು

ದುಬಾರಿ ಗೇಮಿಂಗ್ ಕಂಪ್ಯೂಟರ್ ಬೇಕಿಲ್ಲ. 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಆಡಬಹುದು. ಆಟದ ಜೊತೆ ಉಚಿತವಾಗಿ ಸಿಗುವ ಎನ್‌ಹಾನ್ಸ್ಡ್ ಗ್ರಾಫಿಕ್ಸ್ ಪ್ಯಾಕ್ ಮಾತ್ರ ಹಾಕಿಕೊಳ್ಳಬೇಡಿ. ಹಳೆಯ ಮಷಿನ್ ಅದರಿಂದ ಏದುಸಿರು ಬಿಡುತ್ತದೆ, ಆಟ ಕಲಿಯುವುದಕ್ಕೆ ಅದರಿಂದ ಏನೂ ಲಾಭವಿಲ್ಲ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಇದನ್ನೆಲ್ಲ ಹಾಕಲು ಹೋಗಬೇಡಿ.

ಮೌಸ್ ಮಾತ್ರ ಕಡ್ಡಾಯ. ಟಚ್‌ಪ್ಯಾಡ್‌ನಲ್ಲಿ ಆಡುತ್ತೇನೆ ಅನ್ನುವವರು ಹಂದಿ ಬೇಟೆಯಲ್ಲೇ ಸಿಕ್ಕಿಬೀಳುತ್ತಾರೆ. ಎಸ್.ಪಿ. ರೋಡಿಗೆ ಹೋದರೆ ಕಡಿಮೆ ದುಡ್ಡಿಗೆ ವೈರ್ ಇರುವ ಒಳ್ಳೆ ಮೌಸ್ ಸಿಗುತ್ತದೆ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು, ಎರಡೂ ಬಟನ್ ಒತ್ತಿ ನೋಡಿ ತಗೊಳ್ಳಿ.

ಹಂತ 1: ಸೆಟ್ಟಿಂಗ್ ಸರಿ ಮಾಡಿಕೊಳ್ಳಿ

ಒಬ್ಬರೇ ಆಡುವ ಸ್ಕರ್ಮಿಶ್ ತೆರೆಯಿರಿ. ಮ್ಯಾಪ್ ಅರೇಬಿಯಾ. ಎದುರಾಳಿ ಒಬ್ಬನೇ ಕಂಪ್ಯೂಟರ್. ಮೊದಲು ಸ್ಟ್ಯಾಂಡರ್ಡ್ ಮಟ್ಟ, ಆಮೇಲೆ ಮಾಡರೇಟ್, ಆಮೇಲೆ ಹಾರ್ಡ್.

ವೇಗವನ್ನು ಯಾರೂ ಗಮನಿಸುವುದಿಲ್ಲ. ಆಟದಲ್ಲಿ ನಾರ್ಮಲ್ ಎಂದು ಇರುವುದು ನಿಜವಾಗಿ 1.7 ಪಟ್ಟು ವೇಗ. ಸ್ಲೋ ಅಂದರೆ 1.0. ಕಲಿಯುವಾಗ ಸ್ಲೋ ಇಟ್ಟುಕೊಳ್ಳಿ. ಬೆರಳಿಗೆ ಕ್ರಮ ಅಭ್ಯಾಸವಾದ ಮೇಲೆ 1.5ರ ಕ್ಯಾಶುವಲ್‌ಗೆ, ಕೊನೆಗೆ ನಾರ್ಮಲ್‌ಗೆ ಬನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಾಗರಿಕತೆ ಫ್ರಾಂಕ್ಸ್ ಆರಿಸಿ. ಇವರ ವಿಲೇಜರ್‌ಗಳು ಬೆರ್ರಿಯನ್ನು ಬೇಗ ಕೀಳುತ್ತಾರೆ. ಆಹಾರ ತಂದು ಹಾಕುವ ಕಟ್ಟಡವಾದ ಮಿಲ್‌ನ ಸುಧಾರಣೆಗಳು ಪುಕ್ಕಟೆ ಸಿಗುತ್ತವೆ. ಆಟ ಡಾರ್ಕ್ ಏಜ್‌ನಲ್ಲಿ ಶುರುವಾಗಿ ಫ್ಯೂಡಲ್ ಏಜ್, ಕ್ಯಾಸಲ್ ಏಜ್ ಎಂದು ಮೇಲೇರುತ್ತದೆ. ಫ್ಯೂಡಲ್ ಏಜ್‌ನಿಂದ ಇವರ ಕುದುರೆ ಸವಾರರಿಗೆ ಶೇ. 20 ಜಾಸ್ತಿ ಆಯಸ್ಸು, ಅಂದರೆ ಪೆಟ್ಟು ತಡೆಯುವ ಶಕ್ತಿ. ಹೊಸಬರ ತಪ್ಪುಗಳನ್ನು ಇಷ್ಟು ತಡೆದುಕೊಳ್ಳುವ ನಾಗರಿಕತೆ ಇನ್ನೊಂದು ಸಿಗುವುದು ಕಷ್ಟ.

ನಮ್ಮ ಕಡೆಯವರು ಪ್ರೀತಿಯಿಂದ ಮೊದಲ ದಿನವೇ ದ್ರಾವಿಡಿಯನ್ಸ್ ಆರಿಸುತ್ತಾರೆ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ಸೇರಿದ ನಾಗರಿಕತೆ ಅದು. ಆಸೆ ಸಹಜ ಅಲ್ವಾ? ಆದರೆ ಅವರಿಗೆ ನೈಟ್, ಅಂದರೆ ಬಲವಾದ ಕುದುರೆ ಯೋಧ, ಇಲ್ಲ. ಅವರ ಬಲ ಇರುವುದು ಕಾಲಾಳು ಮತ್ತು ಹಡಗುಗಳಲ್ಲಿ. ಅರೇಬಿಯಾದಂಥ ಬಯಲಿನಲ್ಲಿ ಅವರನ್ನು ಆಡಿಸಲು ಕೈ ಪಳಗಿರಬೇಕು. ರಾಜೇಂದ್ರ ಚೋಳನ ಕ್ಯಾಂಪೇನ್ ಇದೆ, ಅದರಲ್ಲಿ ದ್ರಾವಿಡಿಯನ್ಸ್ ಆಡಿ ಆಸೆ ತೀರಿಸಿಕೊಳ್ಳಿ. ಅಭ್ಯಾಸಕ್ಕೆ ಸದ್ಯಕ್ಕೆ ಫ್ರಾಂಕ್ಸ್ ಸಾಕು.

ಹಂತ 2: ನಾಲ್ಕು ಕೀ, ಒಂದು ಪಟ್ಟಿ

ಎಲ್ಲಾ ಶಾರ್ಟ್‌ಕಟ್ ಕೀ ಬಾಯಿಪಾಠ ಮಾಡಬೇಡಿ. ಇಷ್ಟು ಸಾಕು.

1. ಎಚ್ ಒತ್ತಿದರೆ ಟೌನ್ ಸೆಂಟರ್, ಅಂದರೆ ವಿಲೇಜರ್‌ಗಳು ತಯಾರಾಗುವ ಊರಿನ ಮುಖ್ಯ ಕಟ್ಟಡ, ಆಯ್ಕೆಯಾಗುತ್ತದೆ.

2. ಅದಾದ ಮೇಲೆ ವಿಲೇಜರ್ ಮಾಡುವ ಕೀ. ಈಗಿನ ಡೀಫಾಲ್ಟ್ ಲೇಔಟ್‌ನಲ್ಲಿ ಅದು ಕ್ಯೂ. ನಿಮ್ಮಲ್ಲಿ ಬೇರೆ ಇದ್ದರೆ ಹಾಟ್‌ಕೀ ಸೆಟ್ಟಿಂಗ್‌ನಲ್ಲಿ ಕಾಣುತ್ತದೆ.

3. ಫುಲ್‌ಸ್ಟಾಪ್ ಕೀ. ಕೆಲಸವಿಲ್ಲದೆ ನಿಂತ ವಿಲೇಜರ್ ಎಲ್ಲಿದ್ದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ.

4. ಶಿಫ್ಟ್. ಇದನ್ನು ಹಿಡಿದುಕೊಂಡು ಒಂದರ ಹಿಂದೆ ಒಂದು ಕೆಲಸ ಹೇಳಬಹುದು. ಮನೆ ಕಟ್ಟಲು ಹೇಳಿ, ಶಿಫ್ಟ್ ಹಿಡಿದು ಮರದ ಮೇಲೆ ರೈಟ್ ಕ್ಲಿಕ್ ಮಾಡಿದರೆ, ಮನೆ ಮುಗಿಸಿ ತಾನಾಗಿ ಮರ ಕಡಿಯಲು ಹೋಗುತ್ತಾನೆ. ಸುಮ್ನೆ ನಿಲ್ಲುವವರ ಸಮಸ್ಯೆ ಅರ್ಧ ಇದರಿಂದಲೇ ಮುಗಿಯುತ್ತದೆ.

ಇನ್ನು ಪಟ್ಟಿ. ಪರದೆಯ ಮೇಲೆ ಎಡಭಾಗದಲ್ಲಿ ನಿಮ್ಮ ಕಟ್ಟಡಗಳಲ್ಲಿ ಏನೇನು ತಯಾರಾಗುತ್ತಿದೆ ಎಂಬ ಚಿಕ್ಕ ಚಿತ್ರಗಳು ಸಾಲಾಗಿ ಬರುತ್ತವೆ. ಅಲ್ಲಿ ವಿಲೇಜರ್ ಮುಖ ಕಾಣುತ್ತಿಲ್ಲ ಅಂದರೆ ಟೌನ್ ಸೆಂಟರ್ ಖಾಲಿ ಕೂತಿದೆ. ಮೊದಲ 20 ನಿಮಿಷ ನಿಮ್ಮ ಕಣ್ಣು ಪದೇಪದೇ ಹೋಗಬೇಕಾದ ಜಾಗ ಇದೊಂದೇ. ಹಾಗೆಯೇ ಮರ, ಆಹಾರ, ಚಿನ್ನ, ಕಲ್ಲಿನ ಚಿತ್ರದ ಬಳಿ ಅದರಲ್ಲಿ ಎಷ್ಟು ವಿಲೇಜರ್‌ಗಳು ಇದ್ದಾರೆ ಎಂಬ ಅಂಕಿಯೂ ಇರುತ್ತದೆ. ಅದನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಂತ 3: ಮೊದಲ ನಿಮಿಷ

ಕೈಯಲ್ಲಿ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು ಇರುತ್ತದೆ. ಮೂವರು ವಿಲೇಜರ್‌ಗಳು, ಕುದುರೆಯ ಮೇಲೆ ಸುತ್ತಿ ಹುಡುಕುವ ಒಬ್ಬ ಸ್ಕೌಟ್. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡು.

1. ಆಟ ತೆರೆದ ಕೂಡಲೇ, ಬೇರೇನೂ ನೋಡದೆ, ನಾಲ್ಕು ವಿಲೇಜರ್‌ಗಳಿಗೆ ಆರ್ಡರ್ ಹಾಕಿ. 200 ಆಹಾರ ಅಲ್ಲಿಗೆ ಮುಗಿಯಿತು.

2. ಇಬ್ಬರು ಸೇರಿ ಒಂದು ಮನೆ, ಮೂರನೆಯವನು ಇನ್ನೊಂದು ಮನೆ ಕಟ್ಟಲಿ. ಟೌನ್ ಸೆಂಟರ್ ಐದು ಜನರಿಗೆ ಮಾತ್ರ ಜಾಗ ಕೊಡುತ್ತದೆ, ನೀವು ಆಗಲೇ ನಾಲ್ಕು ಜನ. ಒಂದು ಮನೆಗೆ 25 ಮರ, ಐದು ಜನರಿಗೆ ಜಾಗ. ಎರಡನೇ ವಿಲೇಜರ್ ಹೊರಗೆ ಬರಬೇಕಾದರೆ ಮನೆ ನಿಂತಿರಲೇಬೇಕು.

3. ಟೌನ್ ಸೆಂಟರ್‌ನ ಗ್ಯಾದರ್ ಪಾಯಿಂಟನ್ನು ಹತ್ತಿರದ ಕುರಿಯ ಮೇಲೆ ಇಡಿ. ಹೊಸಬ ಹೊರಗೆ ಬಂದವನೇ ಕೆಲಸಕ್ಕೆ ಹೋಗುತ್ತಾನೆ.

4. ಸ್ಕೌಟನ್ನು ಊರಿನ ಸುತ್ತ ಓಡಿಸಿ. ಮೊದಲು ನಾಲ್ಕು ಕುರಿ ಹತ್ತಿರದಲ್ಲೇ ಇರುತ್ತವೆ, ಉಳಿದ ನಾಲ್ಕು ಸ್ವಲ್ಪ ದೂರದಲ್ಲಿ ಎರಡೆರಡಾಗಿ. ಸುತ್ತನ್ನು ನಿಧಾನಕ್ಕೆ ದೊಡ್ಡದು ಮಾಡುತ್ತಾ ಹೋಗಿ. ಎರಡು ಕಾಡುಹಂದಿ, ಬೆರ್ರಿ, ಚಿನ್ನ, ಕಲ್ಲು, ದಟ್ಟ ಮರಗಳ ಸಾಲು ಎಲ್ಲೆಲ್ಲಿವೆ ಎಂದು ಕಂಡುಕೊಳ್ಳಿ. ಕೈ ಸಾಲದಿದ್ದರೆ ಆಟೋ ಸ್ಕೌಟ್ ಬಟನ್ ಇದೆ, ಧಾರಾಳವಾಗಿ ಬಳಸಿ.

ಸಾಮಾನ್ಯ ತಪ್ಪು: ಸ್ಕೌಟನ್ನು ನೇರ ಶತ್ರುವಿನ ಊರಿಗೆ ಕಳಿಸುವುದು. ಶತ್ರು ಈಗ ಏನೂ ಮಾಡುತ್ತಿಲ್ಲ, ಅವನೂ ಕುರಿ ಹುಡುಕುತ್ತಿದ್ದಾನೆ. ನಿಮ್ಮ ಕುರಿಯನ್ನು ಅವನ ಸ್ಕೌಟ್ ಮೊದಲು ಕಂಡರೆ ಅದು ಅವನ ಪಾಲು.

ಹಂತ 4: ಕುರಿ ಮತ್ತು ಕಾಡುಹಂದಿ

ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಒಂದು ಕುರಿಯಲ್ಲಿ 100 ಆಹಾರ. ಕುರಿಯನ್ನು ಟೌನ್ ಸೆಂಟರ್‌ಗೆ ತಾಗುವಷ್ಟು ಹತ್ತಿರ ತಂದು ಕೊಲ್ಲಬೇಕು, ಆಗ ನಡೆದಾಟ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಕುರಿ. ಸತ್ತ ಪ್ರಾಣಿಯ ಮಾಂಸ ಹೊತ್ತು ಕಳೆದಂತೆ ಕೊಳೆತು ಕಡಿಮೆಯಾಗುತ್ತದೆ. ನಾಲ್ಕು ಕುರಿ ಒಟ್ಟಿಗೆ ಬಿದ್ದಿದ್ದರೆ ಮೂರರ ಆಹಾರ ನಿಮ್ಮ ಕಣ್ಣೆದುರೇ ಹಾಳಾಗುತ್ತಿದೆ ಎಂದರ್ಥ. ಇನ್ನೊಂದು ವಿಷಯ: ಸೈನಿಕ ಕೊಂದ ಪ್ರಾಣಿಯಲ್ಲಿ ಆಹಾರ ಸಿಗುವುದಿಲ್ಲ. ಸ್ಕೌಟ್‌ನಿಂದ ಕುರಿ ಹೊಡೆಸಬೇಡಿ.

ಕಾಡುಹಂದಿಯಲ್ಲಿ 340 ಆಹಾರ. ಎರಡು ಹಂದಿ ಅಂದರೆ 680. ಇದನ್ನು ಬಿಟ್ಟು ಬೇಗ ಫ್ಯೂಡಲ್ ತಲುಪುವ ದಾರಿ ಹೊಸಬರಿಗೆ ಇಲ್ಲ. ಹೆದರಿ ಬಿಟ್ಟವರು, ಅರ್ಧಂಬರ್ಧ ಮಾಡಿ ವಿಲೇಜರ್ ಕಳಕೊಂಡವರು ಇಬ್ಬರೂ ಹಿಂದೆ ಬೀಳುತ್ತಾರೆ. ಕ್ರಮ ಹೀಗೆ:

1. ಕುರಿಯ ಬಳಿ ಆರು ಜನ ಇದ್ದಾಗ ಮಾತ್ರ ಶುರು ಮಾಡಿ. ಟೌನ್ ಸೆಂಟರ್ ನಿಲ್ಲದೆ ಓಡಿದ್ದರೆ 11ನೇ ವಿಲೇಜರ್ ಹೊರಬರುವುದು 3 ನಿಮಿಷ 20 ಸೆಕೆಂಡಿಗೆ. ಅವನೇ ಹಂದಿಗೆ ಹೋಗಲಿ.

2. ಒಬ್ಬನೇ ಹೋಗಬೇಕು. ಅವನ ಆಯಸ್ಸು ಪೂರ್ತಿ 25 ಇರಬೇಕು. ಮುಂಚೆ ಪೆಟ್ಟು ತಿಂದವನನ್ನು ಕಳಿಸಬೇಡಿ.

3. ಹಂದಿಯ ಮೇಲೆ ರೈಟ್ ಕ್ಲಿಕ್ ಮಾಡಿ. ಬಾಣ ತಾಗಿ ಹಂದಿ ತಿರುಗಿದ ಕ್ಷಣವೇ ಟೌನ್ ಸೆಂಟರ್ ಕಡೆ ಓಡಿಸಿ. ಕಣ್ಣು ಅವನ ಮೇಲೇ ಇರಲಿ. ಈ ಹತ್ತು ಸೆಕೆಂಡು ಬೇರೆಲ್ಲೂ ನೋಡಬೇಡಿ. ಹಂದಿ ಹಿಂದೆ ಬರುತ್ತಿಲ್ಲ ಅಂದರೆ ಇನ್ನೊಂದು ಬಾಣ ಬಿಟ್ಟು ಮತ್ತೆ ಓಡಿ.

4. ಹಂದಿ ಟೌನ್ ಸೆಂಟರ್ ಪಕ್ಕಕ್ಕೆ ಬಂದ ಮೇಲೆ ಕುರಿಯ ಬಳಿ ಇರುವ ಆರೂ ಜನರನ್ನು ಆಯ್ದು ಹಂದಿಯ ಮೇಲೆ ಬಿಡಿ. ಮುಂಚೆ ಬಿಟ್ಟರೆ ಹಂದಿ ದೂರದಲ್ಲೇ ಸಾಯುತ್ತದೆ, ಮಾಂಸ ಹೊತ್ತು ನಡೆಯುವುದರಲ್ಲೇ ಹೊತ್ತು ಹೋಗುತ್ತದೆ.

5. ಓಡಿ ಬಂದವನ ಆಯಸ್ಸು ತೀರಾ ಇಳಿದಿದ್ದರೆ ಅವನನ್ನು ಟೌನ್ ಸೆಂಟರ್ ಒಳಗೆ ಹಾಕಿ. ಹಂದಿ ಬಿದ್ದ ಮೇಲೆ ಹೊರಗೆ ತನ್ನಿ.

ಮೊದಲ ಹಂದಿಯ ಆಹಾರ ಮುಗಿಯುತ್ತಾ ಬಂದಾಗ ಎರಡನೆಯದಕ್ಕೆ ಹೋಗಿ. ಈ ಸಲ ಬೇರೆ ವಿಲೇಜರ್. ಪೆಟ್ಟು ತಿಂದ ಹಳಬನನ್ನೇ ಮತ್ತೆ ಕಳಿಸಿದರೆ ಅವನು ದಾರಿಯಲ್ಲೇ ಸಾಯುತ್ತಾನೆ. ನಾನು ನೋಡಿರುವ ಹಂದಿ ಅಪಘಾತಗಳಲ್ಲಿ ಹೆಚ್ಚಿನವು ಈ ಎರಡನೇ ಸಲದವು.

ಭಯ ಇನ್ನೂ ಹೋಗಿಲ್ಲವೇ? ಮೊದಲ ಹಂದಿಗೆ ಮುಂಚೆ ಟೌನ್ ಸೆಂಟರ್‌ನಲ್ಲಿ ಲೂಮ್ ಎಂಬ ಸುಧಾರಣೆ ಮಾಡಿಸಿಕೊಳ್ಳಿ. 50 ಚಿನ್ನ, 25 ಸೆಕೆಂಡು. ವಿಲೇಜರ್ ಆಯಸ್ಸು 25ರಿಂದ 40ಕ್ಕೆ ಏರುತ್ತದೆ. ಒಬ್ಬ ವಿಲೇಜರ್‌ನಷ್ಟು ತಡವಾಗುತ್ತದೆ, ಆದರೆ ಕಲಿಯುವಾಗ ಅದು ಒಳ್ಳೆಯ ವ್ಯಾಪಾರವೇ. ಕೈ ಪಳಗಿದ ಮೇಲೆ ಲೂಮನ್ನು ಕೊನೆಗೆ ತಳ್ಳಿ.

ಹಂತ 5: 21 ವಿಲೇಜರ್‌ಗಳ ಲೆಕ್ಕ

ಯಾರು ಎಲ್ಲಿಗೆ ಹೋಗಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿ.

1. ಮೊದಲ ಆರು ಜನ ಕುರಿಗೆ. ಶುರುವಿನ ಮೂವರೂ ಇದರಲ್ಲಿ ಸೇರಿದ್ದಾರೆ.

2. 7ರಿಂದ 10ರವರೆಗೆ ಮರಕ್ಕೆ. ಏಳನೆಯವನು ದಟ್ಟ ಮರಗಳಿಗೆ ಅಂಟಿಕೊಂಡಂತೆ ಕಡಿದ ಮರ ತಂದು ಹಾಕುವ ಲಂಬರ್ ಕ್ಯಾಂಪ್ ಕಟ್ಟಲಿ, 100 ಮರ.

3. 11ನೆಯವನು ಹಂದಿಗೆ.

4. 12ರಿಂದ 15 ಬೆರ್ರಿಗೆ. 12ನೆಯವನು ಬೆರ್ರಿ ಗಿಡಗಳ ಪಕ್ಕ ಮಿಲ್ ಕಟ್ಟಲಿ, ಇದಕ್ಕೂ 100 ಮರ.

5. 16, 17 ಟೌನ್ ಸೆಂಟರ್ ಬಳಿಯ ಮಾಂಸಕ್ಕೆ.

6. 18ರಿಂದ 21 ಮತ್ತೆ ಮರಕ್ಕೆ. ಇವರಿಗೆ ಬೇರೆ ಕಡೆ ಎರಡನೇ ಲಂಬರ್ ಕ್ಯಾಂಪ್.

ಮಧ್ಯದಲ್ಲಿ ಎರಡು ಮನೆ ಬೇಕು. ಮೂರನೇ ಮನೆ 4 ನಿಮಿಷಕ್ಕೆ, ನಾಲ್ಕನೆಯದು 6 ನಿಮಿಷಕ್ಕೆ ಶುರುವಾಗಬೇಕು. "ಜಾಗ ಇಲ್ಲ, ಮನೆ ಕಟ್ಟಿ" ಎಂಬ ಸಂದೇಶ ಬಂದ ಮೇಲೆ ಕಟ್ಟುವವರು ಪ್ರತಿ ಸಲವೂ ಒಬ್ಬ ವಿಲೇಜರ್‌ನನ್ನು ಕಳಕೊಳ್ಳುತ್ತಾರೆ. ಒಂದು ಮನೆ ಏಳಲು ಒಬ್ಬನಿಗೆ 25 ಸೆಕೆಂಡು, ಒಬ್ಬ ವಿಲೇಜರ್ ಹುಟ್ಟಲು ಅಷ್ಟೇ ಸೆಕೆಂಡು.

21 ಜನ ಆದ ಮೇಲೆ ಲೂಮ್. ಆಮೇಲೆ 500 ಆಹಾರ ಕೊಟ್ಟು ಫ್ಯೂಡಲ್ ಏಜ್ ಒತ್ತಿ. ಡಾರ್ಕ್ ಏಜ್‌ನ ಎರಡು ಬೇರೆ ಬೇರೆ ಕಟ್ಟಡ ಇರಬೇಕು. ಮಿಲ್ ಮತ್ತು ಲಂಬರ್ ಕ್ಯಾಂಪ್ ಆಗಲೇ ಇವೆ. ಮನೆ ಲೆಕ್ಕಕ್ಕಿಲ್ಲ.

ಈಗ ಒಂದು ಲೆಕ್ಕ ಮಾಡಿ. ಶುರುವಿನ ಮೂವರನ್ನು ಬಿಟ್ಟರೆ 18 ಜನ ಹುಟ್ಟಬೇಕು. ತಲಾ 25 ಸೆಕೆಂಡಿನಂತೆ 450 ಸೆಕೆಂಡು, ಅಂದರೆ ಏಳೂವರೆ ನಿಮಿಷ. ಲೂಮ್‌ಗೆ ಇನ್ನೊಂದು 25. ಒಟ್ಟು 7 ನಿಮಿಷ 55 ಸೆಕೆಂಡು. ಒಂದು ಕ್ಷಣವೂ ಬಿಡುವಿಲ್ಲದೆ ಟೌನ್ ಸೆಂಟರ್ ಓಡಿಸಿದವರು ಫ್ಯೂಡಲ್ ಒತ್ತುವುದು ಆಗ. ನೀವು ಅದೇ 21 ಜನರೊಂದಿಗೆ 11 ನಿಮಿಷಕ್ಕೆ ಒತ್ತಿದಿರಿ ಅಂದುಕೊಳ್ಳಿ. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಟೌನ್ ಸೆಂಟರ್ ಖಾಲಿ ಇತ್ತು. ಏಳು ವಿಲೇಜರ್‌ಗಳು ಹುಟ್ಟಲೇ ಇಲ್ಲ. 15ನೇ ನಿಮಿಷದಲ್ಲಿ ಬಂದ ಕುದುರೆ ಸವಾರರು ಕಾರಣವೇ ಅಲ್ಲ, ಆ ಏಳು ಜನ ಇಲ್ಲದ್ದೇ ಕಾರಣ.

ಹೊಸಬರು 9 ನಿಮಿಷದೊಳಗೆ ಒತ್ತಿದರೆ ತುಂಬಾ ಚೆನ್ನಾಗಿದೆ. 10 ದಾಟಿದರೆ ಮುಂದಿನ ಹಂತ ಓದಬೇಡಿ. ಆಟ ಬಿಟ್ಟು ಮತ್ತೆ ಶುರುವಿನಿಂದ ಆಡಿ. ಇಷ್ಟನ್ನೇ, ಇಷ್ಟು ಮಾತ್ರ, ಸಾಕಾಗುವಷ್ಟು ಸಲ ಆಡುವುದೇ ಅಭ್ಯಾಸ.

ಎಚ್ಚರಿಕೆ: ಖಾಲಿ ಬಿಡಬಾರದು ಅಂತ ಒಟ್ಟಿಗೆ ಐದಾರು ವಿಲೇಜರ್‌ಗಳಿಗೆ ಆರ್ಡರ್ ಹಾಕಬೇಡಿ. ಐದು ಜನರ 250 ಆಹಾರ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒಬ್ಬ ತಯಾರಾಗುತ್ತಿರುವಾಗ ಅವನ ಹಿಂದೆ ಒಬ್ಬ ಕಾದಿದ್ದರೆ ಸಾಕು.

ಹಂತ 6: ಫ್ಯೂಡಲ್‌ಗೆ ಹೋಗುತ್ತಿರುವ 130 ಸೆಕೆಂಡು

ಈ ಹೊತ್ತಿನಲ್ಲಿ ಟೌನ್ ಸೆಂಟರ್ ಬೇರೆ ಏನೂ ಮಾಡುವುದಿಲ್ಲ. ಹೆಚ್ಚಿನವರು ಕೈಕಟ್ಟಿ ಕೂರುತ್ತಾರೆ. ಕೆಲಸ ಇರುವುದೇ ಈಗ.

1. ಮಾಂಸದ ಬಳಿ ಇರುವವರಲ್ಲಿ ನಾಲ್ವರನ್ನು ಮರಕ್ಕೆ ಕಳಿಸಿ. ಮರ ಕಡಿಯುವವರು 12 ಆಗುತ್ತಾರೆ.

2. ಅವರಲ್ಲೊಬ್ಬ ಕಾಲಾಳುಗಳು ತಯಾರಾಗುವ ಬ್ಯಾರಕ್ಸ್ ಕಟ್ಟಲಿ, 175 ಮರ. ಅದಿಲ್ಲದೆ ಕುದುರೆ ಸವಾರರು ತಯಾರಾಗುವ ಸ್ಟೇಬಲ್ ಕಟ್ಟಲು ಆಗುವುದಿಲ್ಲ.

3. ಸ್ಕೌಟ್ ಈಗ ಶತ್ರುವಿನ ಊರಿಗೆ ಹೋಗಲಿ. ಅವನ ಮರ ಕಡಿಯುವ ಜಾಗ, ಚಿನ್ನದ ಗಣಿ ಎಲ್ಲಿದೆ ಎಂದು ನೋಡಿ ಬರಲಿ. ಅವನ ಟೌನ್ ಸೆಂಟರ್ ಬಾಣ ತಾಗುವಷ್ಟು ಹತ್ತಿರ ಮಾತ್ರ ಹೋಗಬಾರದು.

ಹಂತ 7: ಫ್ಯೂಡಲ್ ಏಜ್, ಅಂದರೆ ಹೊಲದ ಕಾಲ

ಫ್ಯೂಡಲ್ ತಲುಪಿದ ಕೂಡಲೇ ಮತ್ತೆ ವಿಲೇಜರ್. ಎಷ್ಟೋ ಜನ ಹೊಸ ಕಟ್ಟಡಗಳ ಖುಷಿಯಲ್ಲಿ ಇದನ್ನೇ ಮರೆಯುತ್ತಾರೆ. ಜೊತೆಗೆ ಲಂಬರ್ ಕ್ಯಾಂಪ್‌ನಲ್ಲಿ ಮರ ಬೇಗ ಕಡಿಯಲು ನೆರವಾಗುವ ಡಬಲ್ ಬಿಟ್ ಆಕ್ಸ್ ಮಾಡಿಸಿ, 100 ಆಹಾರ, 50 ಮರ. ಒಂದು ಸ್ಟೇಬಲ್ ಕಟ್ಟಿ.

ಈ ಹೊತ್ತಿಗೆ ಕುರಿ, ಹಂದಿ ಮುಗಿದಿರುತ್ತವೆ. ಬೆರ್ರಿಯೂ ತೀರುತ್ತಾ ಬಂದಿರುತ್ತದೆ. ಇನ್ನು ಆಹಾರ ಬರುವುದು ಹೊಲದಿಂದ. ಒಂದು ಹೊಲಕ್ಕೆ 60 ಮರ. 12 ಹೊಲ ಅಂದರೆ 720 ಮರ. ಮರ ಕಡಿಯುವವರು 12 ಇರಬೇಕು ಎಂದು ಹೇಳಿದ್ದು ಇದಕ್ಕೇ. "ಫ್ಯೂಡಲ್‌ಗೆ ಬೇಗ ಬಂದೆ, ಆಮೇಲೆ ಆಹಾರವೇ ಬರ್ತಿಲ್ಲ" ಅನ್ನುವವರೆಲ್ಲ ಮರಕ್ಕೆ ಆರು ಜನರನ್ನು ಬಿಟ್ಟವರು. ಹೊಲಗಳನ್ನು ಟೌನ್ ಸೆಂಟರ್ ಸುತ್ತ ಒತ್ತೊತ್ತಾಗಿ ಹಾಕಿ, ಆಮೇಲೆ ಮಿಲ್ ಸುತ್ತ. ಮಿಲ್‌ನಲ್ಲಿ ಹೊಲ ತಾನಾಗಿ ಮತ್ತೆ ಬಿತ್ತುವ ಬಟನ್ ಇದೆ. ಅದನ್ನು ಆನ್ ಮಾಡಿಟ್ಟುಬಿಡಿ.

ಒಂದೊಂದು ಹೊಲದಲ್ಲೂ ಹೆಚ್ಚು ಆಹಾರ ಕೊಡುವ ಮಿಲ್ ಸುಧಾರಣೆ ಹಾರ್ಸ್ ಕಾಲರ್ ಫ್ರಾಂಕ್ಸ್‌ಗೆ ಪುಕ್ಕಟೆ. ಬೇರೆ ನಾಗರಿಕತೆ ಆಡುವಾಗ 75 ಆಹಾರ, 75 ಮರ ಕೊಟ್ಟು ಮೊದಲು ಅದನ್ನು ಮಾಡಿಸಿ, ಆಮೇಲೆ ಹೊಲ ಹಾಕಿ.

ಸ್ಕೌಟ್ ಸವಾರರನ್ನು ಮೂರು ನಾಲ್ಕು ಮಾಡಿ, ತಲಾ 80 ಆಹಾರ. ಶತ್ರುವಿನ ಮರ ಕಡಿಯುವವರನ್ನು ಓಡಾಡಿಸುವುದಷ್ಟೇ ಇವರ ಕೆಲಸ. ಈಟಿ ಹಿಡಿದ ಸ್ಪಿಯರ್‌ಮನ್ ಕಂಡರೆ ವಾಪಸ್. ಒಬ್ಬರೂ ಸಾಯದೆ ಬಂದರೆ ಗೆದ್ದಂತೆಯೇ ಲೆಕ್ಕ.

ನಂತರ ಬಂದವರಲ್ಲಿ ಆರು ಜನ ಚಿನ್ನಕ್ಕೆ, ಅಲ್ಲೊಂದು ಮೈನಿಂಗ್ ಕ್ಯಾಂಪ್. 150 ಮರಕ್ಕೆ ಬ್ಲ್ಯಾಕ್‌ಸ್ಮಿತ್ ಕಟ್ಟಿ. ಸ್ಟೇಬಲ್, ಬ್ಲ್ಯಾಕ್‌ಸ್ಮಿತ್ ಎರಡೂ ಇದ್ದರೆ ಕ್ಯಾಸಲ್ ಏಜ್‌ಗೆ ದಾರಿ ತೆರೆದಂತೆ. ಒತ್ತುವ ಮುಂಚೆ ವೀಲ್‌ಬ್ಯಾರೋ ಮಾಡಿಸಿದರೆ ಹೊಲದ ಕೆಲಸ ಚುರುಕಾಗುತ್ತದೆ. ಆದರೆ ಅದು ಟೌನ್ ಸೆಂಟರನ್ನು 75 ಸೆಕೆಂಡು ಹಿಡಿದಿಡುತ್ತದೆ. ಹಾಗಾಗಿ 28-30 ವಿಲೇಜರ್ ಆಗುವ ತನಕ ಮುಟ್ಟಬೇಡಿ.

ಕಲ್ಲಿನ ವಿಷಯ ಇಲ್ಲಿ ಹೇಳಲೇಬೇಕು. ಶುರುವಿನಲ್ಲಿ ಸಿಕ್ಕ 200 ಕಲ್ಲು ಹಾಗೇ ಇರಲಿ. ಹೆದರಿಕೊಂಡು ಒಂದು ವಾಚ್ ಟವರ್ ಕಟ್ಟಿದರೆ 125 ಕಲ್ಲು ಹೋಯಿತು, ಉಳಿದದ್ದು 75. ಕ್ಯಾಸಲ್ ಏಜ್‌ನಲ್ಲಿ ಒಂದು ಟೌನ್ ಸೆಂಟರ್‌ಗೆ 100 ಕಲ್ಲು ಬೇಕು. ಮುಟ್ಟದೆ ಇಟ್ಟ 200 ಕಲ್ಲಿನಲ್ಲಿ ಸರಿಯಾಗಿ ಎರಡು ಟೌನ್ ಸೆಂಟರ್ ಏಳುತ್ತವೆ. ಟವರ್ ಕಟ್ಟಿದವರಿಗೆ ಒಂದೂ ಇಲ್ಲ.

ಹಂತ 8: ಶತ್ರು ಮೊದಲೇ ಬಂದರೆ

ಮೂರು ನಾಲ್ಕು ಕುದುರೆ ಸವಾರರು ಬಂದರು ಅಂತ ಟೌನ್ ಬೆಲ್ ಬಾರಿಸಬೇಡಿ. ಇಡೀ ಊರು ಕೆಲಸ ಬಿಟ್ಟು ಓಡುತ್ತದೆ. ಗಾಬರಿಯಲ್ಲಿ ಮತ್ತೆ ಕೆಲಸಕ್ಕೆ ಕಳಿಸುವುದನ್ನೂ ಮರೆಯುತ್ತೀರಿ. ಎಲ್ಲಿ ದಾಳಿ ಆಗಿದೆಯೋ ಅಲ್ಲಿನವರನ್ನು ಮಾತ್ರ ಟೌನ್ ಸೆಂಟರ್ ಒಳಗೆ ಸೇರಿಸಿ. ಉಳಿದವರು ದುಡಿಯಲಿ. ಬ್ಯಾರಕ್ಸ್‌ನಿಂದ ಎರಡು ಮೂರು ಸ್ಪಿಯರ್‌ಮನ್ ತೆಗೆಯಿರಿ, ಒಬ್ಬರಿಗೆ 35 ಆಹಾರ, 25 ಮರ. ಬಿಲ್ಲುಗಾರರು ಬಂದಿದ್ದರೆ ಆರ್ಚರಿ ರೇಂಜ್ ಕಟ್ಟಿ ಈಟಿ ಎಸೆಯುವ ಸ್ಕರ್ಮಿಶರ್ ಮಾಡಿ, ಇವರಿಗೂ ಚಿನ್ನ ಬೇಕಿಲ್ಲ.

ಕುದುರೆಗೆ ಈಟಿ, ಬಿಲ್ಲಿಗೆ ಸ್ಕರ್ಮಿಶರ್, ಕಾಲಾಳಿಗೆ ಬಿಲ್ಲು. ಸದ್ಯಕ್ಕೆ ಇಷ್ಟು ನೆನಪಿದ್ದರೆ ಸಾಕು.

ಹಂತ 9: ಕ್ಯಾಸಲ್ ಏಜ್

800 ಆಹಾರ, 200 ಚಿನ್ನ, 160 ಸೆಕೆಂಡು. 20 ನಿಮಿಷದ ಒಳಗೆ ತಲುಪಿದರೆ ಹಾರ್ಡ್ ಕಂಪ್ಯೂಟರನ್ನು ಎದುರಿಸಬಹುದು. ಏಜ್ ಬದಲಾಗುತ್ತಿರುವಾಗಲೇ ಎರಡನೇ ಸ್ಟೇಬಲ್ ಕಟ್ಟಿಬಿಡಿ.

1. ತಲುಪಿದ ತಕ್ಷಣ ಎರಡೂ ಸ್ಟೇಬಲ್‌ನಿಂದ ನೈಟ್, ತಲಾ 60 ಆಹಾರ, 75 ಚಿನ್ನ.

2. 275 ಮರ, 100 ಕಲ್ಲಿಗೆ ಎರಡನೇ ಟೌನ್ ಸೆಂಟರ್, ಮರದ ಸಾಲಿನ ಹತ್ತಿರ. ಆಮೇಲೆ ಮೂರನೆಯದು, ಚಿನ್ನದ ಹತ್ತಿರ.

3. ಮೂರರಿಂದಲೂ ವಿಲೇಜರ್‌ಗಳು ಬರುತ್ತಲೇ ಇರಲಿ.

ಇಲ್ಲಿ ಎರಡು ಲೆಕ್ಕ ತಲೆಯಲ್ಲಿರಲಿ. ಒಂದು ಟೌನ್ ಸೆಂಟರ್ ನಿಲ್ಲದೆ ಓಡಲು ನಿಮಿಷಕ್ಕೆ 120 ಆಹಾರ ಬೇಕು. ಒಬ್ಬ ರೈತನಿಂದ ನಿಮಿಷಕ್ಕೆ ಸುಮಾರು 20 ಬರುತ್ತದೆ. ಅಂದರೆ ಒಂದು ಟೌನ್ ಸೆಂಟರ್‌ಗೆ ಆರು ಹೊಲ, ಮೂರಕ್ಕೆ 18. ನೈಟ್‌ಗಳ ಆಹಾರಕ್ಕೆ ಇದರ ಮೇಲೆ ಇನ್ನೂ 12.

ಎರಡನೆಯದು ಮನೆ. ಮೂರು ಟೌನ್ ಸೆಂಟರ್, ಎರಡು ಸ್ಟೇಬಲ್ ಓಡುತ್ತಿದ್ದರೆ ಹೆಚ್ಚುಕಡಿಮೆ 27 ಸೆಕೆಂಡಿಗೆ ಐದು ಜನ ಸೇರುತ್ತಾರೆ. ಒಬ್ಬ ವಿಲೇಜರ್ ಒಂದು ಮನೆ ಕಟ್ಟಲು 25 ಸೆಕೆಂಡು. ಹಾಗಾದರೆ ಒಬ್ಬನ ಪೂರ್ತಿ ಕೆಲಸ ಮನೆ ಕಟ್ಟುವುದೇ ಆಗಬೇಕು. ಒಬ್ಬನನ್ನು ಆರಿಸಿ, ಶಿಫ್ಟ್ ಹಿಡಿದು ಊರಿನ ಅಂಚಿನಲ್ಲಿ ಸಾಲಾಗಿ ಎಂಟು ಹತ್ತು ಮನೆ ಗುರುತು ಹಾಕಿಬಿಡಿ. ಆ ಸಾಲು ಅರೆಬರೆ ಕೋಟೆಗೋಡೆಯ ಕೆಲಸವನ್ನೂ ಮಾಡುತ್ತದೆ.

ಹಂತ 10: ನೈಟ್‌ಗಳನ್ನು ಎಲ್ಲಿ ಬಿಡಬೇಕು

ಐದಾರು ನೈಟ್‌ಗಳಾದ ಮೇಲೆ ಕಂಟ್ರೋಲ್ ಮತ್ತು 1 ಒತ್ತಿ ಒಂದು ಗುಂಪು ಮಾಡಿ. ಗುರಿ ಶತ್ರುವಿನ ವಿಲೇಜರ್‌ಗಳು. ಮೊದಲು ಚಿನ್ನದ ಗಣಿ, ಆಮೇಲೆ ಮರದ ಸಾಲು. ಕಟ್ಟಡಗಳನ್ನು ಕತ್ತಿಯಿಂದ ಕಡಿಯುತ್ತಾ ನಿಲ್ಲಬೇಡಿ. ಟೌನ್ ಸೆಂಟರ್ ಅಥವಾ ಕ್ಯಾಸಲ್ ಕೆಳಗೆ ನಿಂತು ಕಾದಾಡಬೇಡಿ, ಆರು ನೈಟ್‌ಗಳು ನೀರಿನಂತೆ ಹರಿದುಹೋಗುತ್ತವೆ.

ಉದ್ದ ಈಟಿಯ ಪೈಕ್‌ಮನ್, ಒಂಟೆ ಸವಾರರು ಕಂಡರೆ ಹಿಂದೆ ಸರಿಯಿರಿ. ಮಾಂಕ್‌ಗಳು ಕೈಯೆತ್ತಿ ಮಂತ್ರ ಶುರು ಮಾಡಿದರೆ ಎರಡೇ ದಾರಿ: ತಕ್ಷಣ ಮೇಲೆ ಬಿದ್ದು ಕೊಲ್ಲಿ, ಇಲ್ಲ ಅಂದರೆ ದೂರ ಓಡಿ. ಯೋಚಿಸುತ್ತಾ ನಿಂತರೆ ನಿಮ್ಮ ನೈಟ್ ಬಣ್ಣ ಬದಲಿಸಿ ನಿಮಗೇ ತಿರುಗಿ ನಿಲ್ಲುತ್ತಾನೆ.

ಶತ್ರುವಿನ ದುಡಿಮೆ ಕುಂಟಿದ ಮೇಲೆ ಸೀಜ್ ವರ್ಕ್‌ಶಾಪ್ ಕಟ್ಟಿ ಕಟ್ಟಡ ಒಡೆಯುವ ಬ್ಯಾಟರಿಂಗ್ ರ‍್ಯಾಮ್ ಕರೆತನ್ನಿ. ಬಾಣಗಳು ಅದಕ್ಕೆ ಲೆಕ್ಕಕ್ಕಿಲ್ಲ. ಹತ್ತಿರ ಬಂದು ಹೊಡೆಯುವವರೇ ಅದಕ್ಕೆ ದೊಡ್ಡ ಅಪಾಯ, ಅವರನ್ನು ನೈಟ್‌ಗಳು ನೋಡಿಕೊಳ್ಳಲಿ.

ಅಪಾಯದ ಸೂಚನೆಗಳು

ಯಾವುದಾದರೂ ಒಂದು ಸಾಮಗ್ರಿ 500 ದಾಟಿ ಸುಮ್ನೆ ಕೂತಿದ್ದರೆ, ಮುಂದಿನ ಏಜ್‌ಗೆ ಕೂಡಿಡುತ್ತಿಲ್ಲ ಅಂದರೆ, ಎಲ್ಲೋ ಲೆಕ್ಕ ತಪ್ಪಿದೆ. ಮರ ಜಾಸ್ತಿಯೇ? ಹೊಲ ಹಾಕಿ. ಆಹಾರ ಜಾಸ್ತಿಯೇ? ಟೌನ್ ಸೆಂಟರ್ ಖಾಲಿ ಇದೆ. ಕೆಲಸವಿಲ್ಲದ ವಿಲೇಜರ್‌ಗಳ ಅಂಕಿ ಮೂರು ದಾಟಿದರೆ ಯುದ್ಧ ನೋಡುವುದನ್ನು ಬಿಟ್ಟು ಫುಲ್‌ಸ್ಟಾಪ್ ಒತ್ತಿ. ಸೈನ್ಯ ಕಾದಾಡುವಾಗಲೂ ನಡುನಡುವೆ ಎಚ್, ಕ್ಯೂ ಒತ್ತುತ್ತಲೇ ಇರಿ. ಕಾಳಗ ನೋಡುತ್ತಾ ಮೈಮರೆತ ಒಂದು ನಿಮಿಷದಲ್ಲಿ ಮೂರು ಟೌನ್ ಸೆಂಟರ್‌ಗಳಿಂದ ಏಳು ಜನ ಕಡಿಮೆಯಾಗುತ್ತಾರೆ.

ಸೋತ ಮೇಲೆ ಬರುವ ಅಂಕಿಅಂಶದ ಪುಟವನ್ನು ಮುಚ್ಚಬೇಡಿ. ಫ್ಯೂಡಲ್, ಕ್ಯಾಸಲ್ ತಲುಪಿದ ಸಮಯ ಅಲ್ಲಿರುತ್ತದೆ. ಅತಿ ಹೆಚ್ಚು ಎಂದರೆ ಎಷ್ಟು ವಿಲೇಜರ್‌ಗಳಿದ್ದರು ಎಂಬುದೂ ಇರುತ್ತದೆ. ಎದುರಾಳಿಯ ಅಂಕಿ ಪಕ್ಕದಲ್ಲೇ ಇದೆ. ಯಾವ ಹಂತದಿಂದ ಅಂತರ ಶುರುವಾಯಿತೋ ಆ ಹಂತವನ್ನೇ ಮತ್ತೆ ಅಭ್ಯಾಸ ಮಾಡಿ.

ಜನರೊಂದಿಗೆ ಆಡುವಾಗ

ಹಾರ್ಡ್ ಕಂಪ್ಯೂಟರನ್ನು ನಾರ್ಮಲ್ ವೇಗದಲ್ಲಿ ಸೋಲಿಸುವ ತನಕ ಆನ್‌ಲೈನಿನಲ್ಲಿ ಅಂಕಕ್ಕಾಗಿ ಆಡುವ ರ‍್ಯಾಂಕ್ಡ್‌ಗೆ ಹೋಗಬೇಡಿ. ಅಲ್ಲಿ ಎಲ್ಲರೂ 1000 ಅಂಕದಿಂದ ಶುರು ಮಾಡುತ್ತಾರೆ, ಹೊಸಬರಿಗೆ ಅದು ಎತ್ತರದ ಮಟ್ಟ. ಮೊದಲ ಕೆಲವು ಆಟ ಸೋತು ಅಂಕ ಇಳಿಯುತ್ತದೆ, ಆಮೇಲೆ ನಿಮ್ಮಂಥವರೇ ಸಿಗುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಂಡು ಆಟ ಬಿಟ್ಟವರು ತುಂಬಾ ಜನ, ದಯವಿಟ್ಟು ನೀವು ಹಾಗೆ ಮಾಡಬೇಡಿ.

ಗೆಳೆಯರ ಜೊತೆ ತಂಡವಾಗಿ ಆಡುವುದಾದರೆ ಮಾತು ಚಿಕ್ಕದಾಗಿರಲಿ. "ಮಗಾ, ನನ್ನ ಚಿನ್ನದ ಹತ್ರ ನಾಲ್ಕು ಕುದುರೆ, ಈಟಿ ಕಳ್ಸು" ಅಂದರೆ ಅರ್ಥವಾಗುತ್ತದೆ. "ಅಯ್ಯೋ ಬಂದ್ರು ಬಂದ್ರು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕೊನೆಗೆ ಕರೆಂಟ್. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬಂದರೆ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ವೈಫೈ ರೌಟರ್ ಆಫ್ ಆಗುತ್ತದೆ. ಆಟದ ಮಧ್ಯೆ ಸಂಪರ್ಕ ಕಡಿದರೆ ರ‍್ಯಾಂಕ್ಡ್‌ನಲ್ಲಿ ಅದು ಸೋಲು. ರೌಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಹಾಕಿಕೊಳ್ಳಿ. ಅದಿಲ್ಲದ ದಿನ ಮೋಡ ಕಟ್ಟಿದ್ದರೆ ಕಂಪ್ಯೂಟರ್ ಜೊತೆಗೇ ಆಡಿ, ಹಂದಿ ತರುವುದನ್ನು ಇನ್ನಷ್ಟು ಸಲ ಅಭ್ಯಾಸ ಮಾಡಿ.